ಮಾತ್ರೆಯ ಜೊತೆಗೆ ಕಣ್ಣ ಚಹಾ

ಮದುವೆಯಾಗಿ ಮಡಂತ್ಯಾರಿಗೆ ಬಂದ ಮೊದಲ ವರ್ಷ ಮಾಮಿ, ಅಂದರೆ ಅತ್ತೆ, ನನ್ನ ಜೊತೆ ಮಾತಾಡಿದ್ದೇ ಕಡಿಮೆ. ಗಂಡ ರಜೆ ಮುಗಿಸಿ ದುಬೈಗೆ ಮರಳಿದ ಮೇಲೆ ಮನೆಯಲ್ಲಿ ನಾವಿಬ್ಬರೇ. ನೆಂಟರು ಬಂದರೆ, "ಹುಡುಗಿ ಕಲಿತವಳು, ಬಣ್ಣ ಮಾತ್ರ ಸ್ವಲ್ಪ..." ಎಂದು ಅತ್ತೆ ಅರ್ಧಕ್ಕೆ ನಿಲ್ಲಿಸುತ್ತಿದ್ದರು. ಉಳಿದರ್ಧವನ್ನು ಬಂದವರು ನನ್ನ ಮುಖ ನೋಡಿ ತುಂಬಿಕೊಳ್ಳುತ್ತಿದ್ದರು.

ಗಂಡ ಮುಂದಿನ ರಜೆಗೆ ಬಂದುಹೋದ ಮೇಲೆ ಬಸುರಿಯಾದೆ. ರಕ್ತ ಕಡಿಮೆಯೆಂದು ಬೆಳ್ತಂಗಡಿಯ ಆಸ್ಪತ್ರೆಯಲ್ಲಿ ಕಬ್ಬಿಣದ ಮಾತ್ರೆ ಕೊಟ್ಟರು. ಅಂದಿನಿಂದ ಅತ್ತೆ ಪೂರ್ತಿ ಬದಲಾದರು. ಮಧ್ಯಾಹ್ನ ಊಟವಾದ ಕೂಡಲೇ ಮಾತ್ರೆಯನ್ನು ತಾವೇ ಬಿಡಿಸಿ ನನ್ನ ಅಂಗೈಗೆ ಹಾಕುತ್ತಿದ್ದರು. ಜೊತೆಗೆ ಲೋಟ ತುಂಬ ಕಣ್ಣ ಚಹಾ, ಅಂದರೆ ಹಾಲು ಹಾಕದ್ದು. ಹುಡಿ ಹಾಕಿ ಕುದಿಸಿ ಕುದಿಸಿ, ನಾಲಗೆ ಮರಗಟ್ಟುವಷ್ಟು ಒಗರು.

"ನೀರಿನಲ್ಲಿ ನುಂಗಿದರೆ ವಾಂತಿ ಬರ್ತದೆ. ಇದನ್ನು ಕುಡಿ. ಪೂರ್ತಿ ಕುಡಿ."

ಲೋಟ ಖಾಲಿಯಾಗುವವರೆಗೆ ಎದುರೇ ನಿಂತಿರುತ್ತಿದ್ದರು. ಮೂಡಬಿದಿರೆಯ ಅಮ್ಮನಿಗೆ ಫೋನ್ ಮಾಡಿ, "ಮಾಮಿಗೆ ಈಗ ನನ್ನ ಮೇಲೆ ತುಂಬ ಪ್ರೀತಿ" ಎಂದೆ.

ರಕ್ತ ಮಾತ್ರ ಏರಲಿಲ್ಲ. ಅಂಗಳ ಗುಡಿಸಿದರೆ ಕಣ್ಣು ಕತ್ತಲೆ ಬಂದು ಬಾವಿಕಟ್ಟೆ ಹಿಡಿದು ಕೂರುತ್ತಿದ್ದೆ. "ರೋಗದ ಹೆಣ್ಣನ್ನು ನಮ್ಮ ತಲೆಗೆ ಕಟ್ಟಿದ್ದಾರೆ" ಎಂದು ಅತ್ತೆ ಬಂಟ್ವಾಳದ ತಂಗಿಗೆ ಫೋನಿನಲ್ಲಿ ಹೇಳುವುದು ಒಳಗಿನಿಂದ ಕೇಳಿಸುತ್ತಿತ್ತು. ಸಿಟ್ಟು ಬರಲಿಲ್ಲ. ನನ್ನ ಮೈಯೇ ಮೋಸ ಮಾಡುತ್ತಿದೆ ಎಂದು ನಾಚಿಕೆಯಾಯಿತು.

ಏಳನೆಯ ತಿಂಗಳ ತಪಾಸಣೆಗೆ ಹೋದಾಗ ನರ್ಸ್ ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು.

"ಮಾತ್ರೆ ಯಾವುದರಲ್ಲಿ ನುಂಗ್ತೀರಿ?"

"ಚಹಾದಲ್ಲಿ."

"ಅಯ್ಯೋ! ಚಹಾದ ಒಗರು ಉಂಟಲ್ಲ, ಟ್ಯಾನಿನ್, ಅದು ಕಬ್ಬಿಣವನ್ನು ಹಿಡಿದಿಟ್ಟುಕೊಳ್ತದೆ. ಮಾತ್ರೆ ಹೊಟ್ಟೆಗೆ ಹೋದರೂ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ." ಆಮೇಲೆ ಅತ್ತೆಯ ಕಡೆ ತಿರುಗಿದರು. "ಮೊದಲ ಸಲ ಮಾತ್ರೆ ನಿಮ್ಮ ಕೈಗೆ ಕೊಡುವಾಗಲೇ ಹೇಳಿದ್ದೆ ಅಲ್ವಾ ಅಮ್ಮಾ, ಚಹಾ ಕೊಡಬೇಡಿ ಅಂತ?"

ಅತ್ತೆ ಗೋಡೆಯ ಪೋಸ್ಟರು ನೋಡುತ್ತಿದ್ದರು.

ಹಿಂದಿರುಗುವಾಗ ರಿಕ್ಷಾದಲ್ಲಿ ಕೇಳಿದೆ. "ನಿಮಗೆ ಗೊತ್ತಿತ್ತಾ ಮಾಮಿ?"

"ಗೊತ್ತಿತ್ತು." ಸೆರಗು ಸರಿಮಾಡಿಕೊಂಡರು. "ಆ ಮಾತ್ರೆ ತಿಂದರೆ ಹುಟ್ಟುವ ಮಗು ಕಪ್ಪಾಗ್ತದೆ. ತಿನ್ನಬೇಡ ಅಂದರೆ ನೀನು ಕೇಳುವವಳಾ? ಚಹಾ ಕುಡಿದರೆ ಮಾತ್ರೆ ನಾಟುವುದಿಲ್ಲ ಅಂತ ಆ ನರ್ಸೇ ಹೇಳಿಕೊಟ್ಟದ್ದು. ನಮ್ಮ ಮನೆಗೆ ಒಬ್ಬಳು ಕಪ್ಪು ಸಾಕು."

ರಿಕ್ಷಾದವನು ಕನ್ನಡಿಯಲ್ಲಿ ನನ್ನನ್ನು ನೋಡಿದ.

ಹೆರಿಗೆ ಬೇಗ ಆಯಿತು. ನನಗೆ ರಕ್ತ ಕೊಟ್ಟರು. ಮಗಳನ್ನು, ಅಂಗೈಯಗಲದ ಜೀವವನ್ನು, ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅತ್ತೆ ಬಗ್ಗಿ ನೋಡಿ ಹೇಳಿದ್ದು ಇಷ್ಟೇ: "ಅಷ್ಟೆಲ್ಲ ಮಾಡಿದ್ದು ದಂಡ. ತಾಯಿಯದ್ದೇ ಬಣ್ಣ."

ಗಂಡನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. "ಅಮ್ಮ ಮಗುವಿನ ಒಳ್ಳೆದಕ್ಕೇ ಮಾಡಿದ್ದಲ್ವಾ ಮಾರಾಯ್ತಿ? ಈಗ ಇಬ್ಬರೂ ಬದುಕಿದ್ದೀರಲ್ಲ" ಎಂದ. ತವರಿನಲ್ಲಿ ಬಾಣಂತನ ಮುಗಿದ ಮೇಲೆ ಮಡಂತ್ಯಾರಿಗೇ ಮರಳಿದೆ. ಮರಳದೆ ಎಲ್ಲಿ ಇರುತ್ತೀ ಎಂದು ನನ್ನಮ್ಮನೇ ಕೇಳಿದ್ದಳು.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಅಜ್ಜಿಯೆಂದರೆ ಪ್ರಾಣ. ಭಾನುವಾರ ಅಜ್ಜಿ ಅವಳನ್ನು ಜಗಲಿಯಲ್ಲಿ ಕೂರಿಸಿ ಮುಖಕ್ಕೆ ಕಡಲೆಹಿಟ್ಟು, ಮೊಸರು ಹಚ್ಚಿ ಉಜ್ಜುತ್ತಾರೆ. ಮೊನ್ನೆ ಕೆನ್ನೆ ಕೆಂಪಾಗಿ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಸಾಕು ಎನ್ನಲು ಹೋದೆ.

ಮಗಳು ನನ್ನ ಕೈ ತಳ್ಳಿದಳು.

"ಗಟ್ಟಿ ಉಜ್ಜು ಅಜ್ಜಿ. ನನಗೆ ಅಮ್ಮನ ಹಾಗೆ ಆಗುವುದು ಬೇಡ."