ಅಜ್ಜಿ ಕೇಳಿದ ‘ಚಾರ್ಜ್’

“ಚಾರ್ಜ್ ಎಷ್ಟಾಗುತ್ತಪ್ಪಾ?” ಎಂದು ನಮ್ಮಜ್ಜಿ ಕೇಳಿದ್ದು ದುಡ್ಡನ್ನು. “ಫುಲ್ ಆಗುತ್ತೆ ಅಜ್ಜಿ, ಸಂಜೆ ಬನ್ನಿ” ಎಂದ ಬ್ಯಾಟರಿ ಅಂಗಡಿಯವನು.

ಸಂಜೆಯೇ! ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ನಮ್ಮ ಮನೆ ಮುಂದೆ ಹೂವಿನ ಹಾರ ಹಾಕಿದ ಟ್ಯಾಕ್ಸಿ ಕೆಟ್ಟು ನಿಂತಿತ್ತು, ಒಳಗೆ ಮದುಮಗಳಾಗಿ ನಮ್ಮಕ್ಕ. ತಳ್ಳಿ ತಳ್ಳಿ ಬೀದಿಯವರೆಲ್ಲ ಸುಸ್ತಾಗಿದ್ದರು. ಮುಹೂರ್ತ ಮಧ್ಯಾಹ್ನಕ್ಕೇ ಇತ್ತು. ಬ್ಯಾಟರಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ತಂದಿದ್ದ ಡ್ರೈವರ್ ತಲೆ ಮೇಲೆ ಕೈಹೊತ್ತು ಕೂತ.

ಅಜ್ಜಿ ಮಾತ್ರ ಜಗ್ಗಲಿಲ್ಲ. “ಈಗಲೇ ಅದಕ್ಕೆ ಹೊಟ್ಟೆ ತುಂಬಾ ಊಟ ಯಾಕಪ್ಪಾ? ಎದ್ದು ನಿಲ್ಲೋಕೆ ಒಂದು ಲೋಟ ಕಾಫಿಯಷ್ಟು ಕೊಡು.”

ಡ್ರೈವರ್ ಎದ್ದು ನಿಂತ. “ಹೌದಲ್ವಾ! ಸ್ಟಾರ್ಟ್ ಆದ್ರೆ ಸಾಕು, ಓಡ್ತಾ ಓಡ್ತಾ ಅದೇ ತುಂಬ್ಕೊಳ್ಳುತ್ತೆ.”

ಒಂದು ಗಂಟೆಯಲ್ಲಿ ಬ್ಯಾಟರಿ ಕೈಗೆ ಬಂತು. ಅಜ್ಜಿ ಮತ್ತೆ ಚಾರ್ಜ್ ಕೇಳಿದಾಗ ಅಂಗಡಿಯವನು ನಕ್ಕು, “ಕಾಫಿ ಕಾಸು ಕೊಡಿ ಸಾಕು” ಎಂದ. ಮನೆಗೆ ಬಂದು ಡ್ರೈವರ್ ಅದನ್ನು ಜೋಡಿಸಿ ಕೀಲಿ ತಿರುಗಿಸಿದ್ದೇ ತಡ, ಟ್ಯಾಕ್ಸಿ ಗುಡುಗಿತು. ಬೀದಿಯೆಲ್ಲ ಚಪ್ಪಾಳೆ! ಮುಂದಿನ ಸೀಟಿನಲ್ಲಿ ಅಜ್ಜಿ, ತಾವೇ ಓಡಿಸುತ್ತಿರುವ ಗತ್ತಿನಲ್ಲಿ ಕೂತು ಛತ್ರಕ್ಕೆ ಹೊರಟರು.

ಭಾವ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳದಿದ್ದರೆ ಅಕ್ಕ ಈಗಲೂ ಕಾಫಿ ಲೋಟ ಹಿಡಿದು ನಿಲ್ಲುತ್ತಾಳೆ: “ಏಳ್ರೀ, ಛತ್ರ ಮುಟ್ಟೋಷ್ಟು ಚಾರ್ಜ್ ಸಾಕು!”