ಪಿಂಗಾಣಿಯ ಮಬ್ಬು ಬದಿ

ಮೇಲಿನ ಮುಂಹಲ್ಲು ಮೊದಲು ಕಪ್ಪಾಯಿತು. ಆಮೇಲೆ ಒಸಡಿನಲ್ಲೊಂದು ಗುಳ್ಳೆ. ಒತ್ತಿದರೆ ಕೀವು. ನಾಲಿಗೆಗೆ ಹಳಸಿದ ರುಚಿ. ಆದರೂ ದಿನಕ್ಕೆ ಹತ್ತು ಸಲ ಒತ್ತುತ್ತಿದ್ದೆ. ಹೇಸಿಗೆಗೂ ಒಂದು ಚಟ ಇರುತ್ತದೆ.

ಬಾಯಿ ಮುಚ್ಚಿಕೊಂಡು ವಾದ ಮಾಡಲು ಬರುವುದಿಲ್ಲ. ಚಿಕ್ಕೋಡಿಯ ನಮ್ಮ ಕಾಲೇಜು ಅಥಣಿಯ ಚರ್ಚಾಸ್ಪರ್ಧೆಗೆ ನನ್ನನ್ನು ಆರಿಸಿತ್ತು. ಉಳಿದದ್ದು ಒಂದೇ ತಿಂಗಳು. ದಂತವೈದ್ಯರು ರೂಟ್ ಕೆನಾಲ್ ಮಾಡಿ, ಕಪ್ಪು ಹಲ್ಲಿನ ಮೇಲೆ ಪಿಂಗಾಣಿಯ ತೆಳು ಪದರ ಅಂಟಿಸೋಣ ಎಂದರು. ಅಚ್ಚು ಮೀರಜಿನ ಲ್ಯಾಬಿಗೆ ಹೋಯಿತು. ತಯಾರಾದ ಪದರ ತರಲು ನಾನೇ ಹೋದೆ.

ಉಗುರಿನಷ್ಟು ಪಿಂಗಾಣಿ. ಹೊರಮೈ ಹೊಳಪು, ಒಳಮೈ ಬೂದಿಯಂತೆ ಮಬ್ಬು. ಆ್ಯಸಿಡ್ ಹಚ್ಚಿ ಒಳಮೈಯನ್ನು ಬೇಕೆಂದೇ ಒರಟು ಮಾಡಿದೆ, ಕಣ್ಣಿಗೆ ಕಾಣದ ಆ ತಗ್ಗುಗಳಲ್ಲೇ ಸಿಮೆಂಟ್ ಹಿಡಿಯುವುದು, ಒಳಗೆ ಯಾರೂ ಮುಟ್ಟಬಾರದು ಎಂದು ಲ್ಯಾಬಿನವನು ಮರಾಠಿಯಲ್ಲಿ ಎರಡೆರಡು ಸಲ ಹೇಳಿದ. ಮುಟ್ಟಬಾರದು ಎಂಬ ಮಾತಿಗೆ ನನ್ನ ಮೈ ಉರಿಯುತ್ತದೆ. ಮಡಿಯ ವಿರುದ್ಧ ಮಾತಾಡಿ ಗೆದ್ದವಳು ನಾನು. ಇದೂ ಒಂದು ಮಡಿ ಎಂದುಕೊಂಡು ಮನೆಯಲ್ಲಿ ಹೇಳಲೇ ಇಲ್ಲ. ಪದರವಿದ್ದ ಡಬ್ಬಿಯನ್ನು ಗೋಡೆಯ ಮಾಡದಲ್ಲಿಟ್ಟೆ.

ಮರುದಿನ ಅಂಟಿಸಿದರು. ಒಂಬತ್ತನೇ ದಿನ, ಕಾಲೇಜಿನ ತಾಲೀಮಿನಲ್ಲಿ, ‘ಅಧ್ಯಕ್ಷರೇ’ ಎನ್ನುವಾಗ ಅದು ಎಂಜಲಿನ ಜೊತೆ ಮೇಜಿನ ಮೇಲೆ ಬಿತ್ತು.

ಯಾರೂ ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವ್ವನನ್ನು ಕರೆದುಕೊಂಡು ದವಾಖಾನೆಗೆ ನುಗ್ಗಿದೆ. ಕಾಯುತ್ತಿದ್ದ ರೋಗಿಗಳೆದುರೇ ವೈದ್ಯರ ಮೇಲೆ ಮೂರು ಆರೋಪ ಹೊರಿಸಿದೆ: ಕೀಳು ಸಿಮೆಂಟ್, ಅವಸರ, ಹುಡುಗಿಯೆಂಬ ತಾತ್ಸಾರ. ಅವರು ಪದರವನ್ನು ದೀಪಕ್ಕೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು.

“ಸಿಮೆಂಟ್ ಎಲ್ಲಾ ಹಲ್ಲಿಗೇ ಐತಿ, ತಂಗಿ. ಪಿಂಗಾಣಿಗೆ ಒಂಚೂರೂ ಹಿಡದಿಲ್ಲ. ಇದರ ಒಳಗ ಏನರೆ ಹಚ್ಚಿದ್ರೇನು?”

ನಾನು ಉತ್ತರ ಕೊಡುವ ಮೊದಲೇ ಅವ್ವ ಅಂದಳು: “ನಾನ ತಿಕ್ಕೇನ್ರಿ. ಒಳಗ ಹೊಲಸ ಕಂಡಿತ್ರಿ. ಮಗಳ ಬಾಯಾಗ ಹೋಗೂದೈತಲ್ಲ ಅಂತ ಮಿಶ್ರಿ ಹಚ್ಚಿ ಛಲೋತ್ನ್ಯಾಗ ತಿಕ್ಕಿ, ಸೆರಗಲೆ ಒರಸಿಟ್ಟೆ.”

ಮಿಶ್ರಿ ಎಂದರೆ ಕರ್ರಗೆ ಹುರಿದ ತಂಬಾಕಿನ ಪುಡಿ. ನಿಪ್ಪಾಣಿಯಲ್ಲಿ ಹುಟ್ಟಿದ ಅವ್ವ ಅದರಿಂದಲೇ ಹಲ್ಲು ತಿಕ್ಕಿ ಬಚ್ಚಲಲ್ಲಿ ಕಪ್ಪಗೆ ಉಗುಳುತ್ತಾಳೆ. ಆ ಉಗುಳು ಕಂಡ ದಿನ ನನಗೆ ನಾಷ್ಟಾ ಸೇರುತ್ತಿರಲಿಲ್ಲ. ಒಂಬತ್ತು ದಿನ ಅದೇ ಪುಡಿ ಪಿಂಗಾಣಿಯ ತಗ್ಗುಗಳಲ್ಲಿ ಕೂತು ನನ್ನ ಬಾಯಲ್ಲಿತ್ತು.

ಬೇಸಿನ್ನಿಗೆ ಬಾಗಿ ಎರಡು ಸಲ ಬಾಯಿ ಮುಕ್ಕಳಿಸಿದೆ.

“ನಿನಗ ತಿಕ್ಕಂತ ಯಾರ ಹೇಳಿದ್ರ ಬೇ?”

“ತಿಕ್ಕಬ್ಯಾಡಂತ ಯಾರ ಹೇಳಿದ್ರು?”

ಹೇಳಬೇಕಿದ್ದವಳು ನಾನೇ.

ತಾವೂ ಅಂಟಿಸುವ ಮುಂಚೆ ನೋಡಬೇಕಿತ್ತು ಎಂದು ವೈದ್ಯರು ಅರ್ಧ ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡರು. ಎಸ್‌ಟಿಡಿ ಬೂತಿಗೆ ಹೋಗಿ ಲ್ಯಾಬಿಗೆ ಫೋನ್ ಮಾಡಿದರು. ಪದರ ವಾಪಸು ಹೋಯಿತು; ಅಲ್ಲಿ ತೊಳೆದು, ಮತ್ತೆ ಆ್ಯಸಿಡ್ ಹಚ್ಚಿದರು. ಈ ಸಲ ಡಬ್ಬಿ ಸೀದಾ ವೈದ್ಯರ ಕೈ ಸೇರಿತು. ಮತ್ತೆ ಅಂಟಿಸಿಕೊಳ್ಳಲು ಕುರ್ಚಿಯಲ್ಲಿ ಒರಗಿಕೊಂಡು ಮೂರೂ ಆರೋಪಗಳನ್ನು ವಾಪಸು ತೆಗೆದುಕೊಂಡೆ. ಆದರೆ ಹೊರಗೆ ರೋಗಿಗಳ ಮುಂದಲ್ಲ, ಒಳಗೆ, ಮೆಲ್ಲಗೆ. ಕೀವಿಗಿಂತ ಆ ಸಣ್ಣತನ ಈಗ ಹೆಚ್ಚು ಹೇಸಿಗೆ ಹುಟ್ಟಿಸುತ್ತದೆ.

ಅಥಣಿಯಲ್ಲಿ ಬಹುಮಾನ ರಾಯಬಾಗದ ಹುಡುಗನಿಗೆ ಹೋಯಿತು. ಸೋತೆ. ಪೂರ್ತಿ ಐದು ನಿಮಿಷ ತುಟಿ ಬಿಚ್ಚಿ ಮಾತಾಡಿಯೇ ಸೋತೆ. ಹಲ್ಲು ಸದ್ಯಕ್ಕೆ ನಿಂತಿದೆ. ಎಷ್ಟು ದಿನ ಎಂದು ವೈದ್ಯರು ಹೇಳಲಿಲ್ಲ, ನಾನೂ ವಾದಕ್ಕಿಳಿಯಲಿಲ್ಲ.