ಮನೆಗೆ ಕಾವಲು, ಬೆಕ್ಕಿಗೆ ಹಾಲು

ನಮ್ಮ ಅವ್ವ ಮಾನ್ವಿಗೆ ಹೋಗಬೇಕಿತ್ತು. ಮಾತು ಇಷ್ಟೇ. ಇದಕ್ಕೆ ಇಷ್ಟೊಂದು ರಾಮಾಯಣ ಆಗಬೇಕಾಗಿರಲಿಲ್ಲ.

ಮಾನ್ವಿಯಲ್ಲಿ ಅವ್ವನ ಅಕ್ಕ ಇದ್ದಳು, ನನಗೆ ದೊಡ್ಡವ್ವ. ಅವಳ ಕಣ್ಣಿಗೆ ಪೊರೆ ಬಂದು ಕಾಣುವುದು ಕಡಿಮೆಯಾಗುತ್ತ ನಡೆದಿತ್ತು. ನಾನು ರಾಯಚೂರಿನ ಒಂದು ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದೆ. ಮಾನ್ವಿ ಕಡೆಯಿಂದ ಹತ್ತಿ ಬಂಡಿ ತಂದವನೊಬ್ಬ ಗಿರಣಿ ಬಾಗಿಲಲ್ಲಿ ನನ್ನನ್ನು ಹುಡುಕಿ ಹೇಳಿದ:

"ನಿಮ್ಮ ದೊಡ್ಡವ್ವ ಹೇಳಿ ಕಳಿಸ್ಯಾಳ. ಕಣ್ಣು ಪೂರಾ ಹೋಗೋದ್ರಾಗ ತಂಗಿ ಮಾರಿ ಒಮ್ಮಿ ನೋಡಬೇಕಂತ. ಜಲ್ದಿ ಬರ್ರಿ ಅಂದಾಳ."

ಬೇಸಿಗೆ ಬಂತು, ಹತ್ತಿ ಬರುವುದು ನಿಂತಿತು, ಗಿರಣಿ ಮುಚ್ಚಿತು. ನನಗೆ ರಜೆ ಸಿಕ್ಕಿತು. ಬಸ್ಸು ಇತ್ತು. ಹೋಗಲು ಊರಿತ್ತು, ಕರೆಯುವವರಿದ್ದರು. ಆದರೆ ಅವ್ವ ಹೊಸ್ತಿಲು ದಾಟಲು ಒಪ್ಪಲಿಲ್ಲ. ಅಪ್ಪ ಸತ್ತ ಮೇಲೆ ಅವಳು ರಾಯಚೂರಿನ ಆ ಮನೆ ಬಿಟ್ಟು ಒಂದು ರಾತ್ರಿಯೂ ಹೊರಗೆ ಮಲಗಿರಲಿಲ್ಲ.

ಮನೆಯೇನು ಅರಮನೆಯಲ್ಲ. ಮಣ್ಣಿನ ಮಾಳಿಗೆ, ಮಾಳಿಗೆಗೆ ಒಂದು ಬೆಳಕಿಂಡಿ, ಒಳಗೆ ಒಂದು ಹಿತ್ತಾಳೆ ಹಂಡೆ, ಕಾಳಿನ ಗುಮ್ಮಿಯ ತುಂಬ ವರ್ಷದ ಜೋಳ. ಆಗ ಲಡಾಯಿ ನಡೆದು ಪೇಟೆಯಲ್ಲಿ ಕಾಳು ಸಿಗದಂತಾಗಿತ್ತು. ಮನೆಯಲ್ಲಿ ಜೋಳ ಇದ್ದವರು ಅದನ್ನು ಬಂಗಾರದ ಹಾಗೆ ಕಾಯುತ್ತಿದ್ದರು. ಇಲಿಗಳಿಂದ ಆ ಜೋಳ ಕಾಯುತ್ತಿದ್ದುದು ನಮ್ಮ ಬೆಕ್ಕು. ಅದು ಸರಿಯಾಗಿ ಅದೇ ಹೊತ್ತಿಗೆ ಗುಮ್ಮಿಯ ಹಿಂದೆ ಮರಿ ಹಾಕಿತು.

"ಬಾಗಿಲಿಗೆ ಕೀಲಿ ಹಾಕಿ ಹೋಗೋಣ ನಡಿ ಯವ್ವಾ" ಅಂದೆ.

"ಕೀಲಿ ಹಾಕಿದ್ರ ಕಳ್ಳಗ ನಾವ ಕರದು ಹೇಳಿದಂಗ. ಒಳಗ ಯಾರೂ ಇಲ್ಲ, ಬಾರಪ್ಪ ಅಂತ."

"ಹಂಗಾದ್ರ ಬೆಕ್ಕಿನ್ನ ಕಾವಲಿಗೆ ಬಿಟ್ಟು ಹೋಗೋಣ."

"ಬಾಣಂತಿ ಅದು. ಅದಕ್ಕ ಕಾವಲು ಯಾರು? ಹಸದ್ರ ಮರಿ ಕಚ್ಕೊಂಡು ಹೊಂಟು ಬಿಡ್ತದ. ಮರಿ ಹಾಕಿದ ಬೆಕ್ಕು ಏಳು ಮನಿ ತಿರಗ್ತದ ತಮ್ಮಾ. ಮನ್ಯಾಗ ಮಂದಿ ಇದ್ದು, ಹಾಲು ಹಾಕಿ ಮಾತಾಡಿಸ್ತಿದ್ರ ತಿರಗಿ ಬರ್ತದ. ಖಾಲಿ ಮನಿಗೆ ಯಾಕ ಬಂದೀತು?"

ಅಕ್ಕನ ಕಣ್ಣು ಹೋಗುತ್ತಿದೆ, ಇವಳು ಬೆಕ್ಕಿನ ಲೆಕ್ಕ ಹೇಳುತ್ತಾಳೆ. ನನಗೆ ತಲೆ ಕೆಟ್ಟಿತು. ಬೆಕ್ಕಿಗೊಬ್ಬರು, ಮನೆಗೊಬ್ಬರು ಜನ ಹುಡುಕಿಯೇ ಬಿಡುತ್ತೇನೆ ಅಂತ ಹೊರಟೆ.

ನಮ್ಮ ಹಿತ್ತಲ ಗೋಡೆಗೆ ಹತ್ತಿದ ಮನೆಯಲ್ಲಿ ಒಬ್ಬ ಕಾಕಿ ಇದ್ದಳು. ಎಮ್ಮೆ ಇತ್ತು, ಕೋಳಿಗಳಿದ್ದವು. ಅವಳನ್ನು ಕೇಳಿದೆ.

"ಹಾಲು ಹಾಕ್ತೀನಿ, ಅದಕ್ಕೇನು" ಅಂದಳು. "ಆದ್ರ ನಿಮ್ಮ ಬೆಕ್ಕು ನನ್ನ ಕೋಳಿ ಮರಿ ಮ್ಯಾಲ ಕಣ್ಣು ಹಾಕಿದ್ರ ನಾ ಬಾಣಂತಿ ಗೀಣಂತಿ ಅಂತ ನೋಡಂಗಿಲ್ಲ."

ಅವಳ ಕೈಗೆ ಬಾಗಿಲ ಚಾವಿ ಕೊಟ್ಟೆ.

ಎದುರು ಮನೆಯಲ್ಲಿ ಚಾಚಾ ಇದ್ದರು. ಆಯುಷ್ಯವೆಲ್ಲ ಕಚೇರಿ ಬಾಗಿಲಲ್ಲಿ ಜವಾನನಾಗಿ ನಿಂತು ಪಿಂಚಣಿ ಪಡೆದವರು. ಹಗಲೆಲ್ಲ ಅವರಿಗೆ ಬೇರೆ ಕೆಲಸ ಇರಲಿಲ್ಲ. ನಮ್ಮ ಕಟ್ಟೆಯ ಮೇಲೆ ಕೂತು, ರಾತ್ರಿ ಅಲ್ಲೇ ಮಲಗಿರಿ ಅಂತ ಕೇಳಿದೆ.

"ಹುಕುಂ ಏನು, ಅದನ್ನ ಹೇಳು ಬೇಟಾ" ಅಂದರು.

"ಯಾರನ್ನೂ ಒಳಗ ಬಿಡಬ್ಯಾಡ್ರಿ ಚಾಚಾ."

"ಯಾರನ್ನೂ?"

"ಯಾರನ್ನೂ."

"ಬಸ್. ಮುಗೀತು ಮಾತು."

ಕಾಕಿಯ ಕೋಳಿಗಳು ಚಾಚಾ ಒಣಗಿಸಿದ ಮೆಣಸಿನಕಾಯಿ ಕೆದರಿದ ದಿನದಿಂದ ಅವರಿಬ್ಬರಿಗೆ ಮಾತಿರಲಿಲ್ಲ. ಕಾಕಿ ಬಂದು ಹಾಲು ಹಾಕುತ್ತಾಳೆ ಎಂದಿದ್ದರೆ ಚಾಚಾ ನಮ್ಮ ಕಟ್ಟೆ ಹತ್ತುತ್ತಿರಲಿಲ್ಲ. ಚಾಚಾ ಕೂತಿರುತ್ತಾರೆ ಎಂದಿದ್ದರೆ ಕಾಕಿ ಚಾವಿ ಮುಟ್ಟುತ್ತಿರಲಿಲ್ಲ. ಅದಕ್ಕೇ ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಲಿಲ್ಲ. ಇಬ್ಬರೂ ದೊಡ್ಡ ಮನುಷ್ಯರು, ಎದುರಾದರೆ ನೋಡಿ ತಿಳಿದುಕೊಳ್ಳುತ್ತಾರೆ ಅಂದುಕೊಂಡೆ. ಈಗಲೂ ಹಾಗೇ ಅನ್ನುತ್ತೇನೆ. ತಿಳಿದುಕೊಳ್ಳಬೇಕಿತ್ತು.

ಅವ್ವ ಹೊರಡುವ ಮುಂಚೆ ಹೊಸ್ತಿಲ ಹೊರಗೆ ಅಪ್ಪನ ಹಳೆಯ ಚಪ್ಪಲಿ ಜೋಡು ಇಟ್ಟಳು, ಮನೆಯಲ್ಲಿ ಗಂಡಸು ಇದ್ದಾನೆ ಅಂತ ಕಾಣಲಿಕ್ಕೆ. ಹಗ್ಗಕ್ಕೆ ನನ್ನ ಧೋತರ ಒಂದನ್ನು ಹಾಕಿದಳು. ಬೆಕ್ಕಿನ ಮುಂದೆ ಕೂತು ಮಾತಾಡಿದಳು. ಬಸ್ಸು ನಮ್ಮನ್ನು ಬಿಟ್ಟು ಹೋಗುವುದರಲ್ಲಿತ್ತು.

ಮೊದಲು ದೇವದುರ್ಗಕ್ಕೆ ಹೋದೆವು. ಅಲ್ಲಿ ನನ್ನ ತಂಗಿಯ ಮನೆ; ಹೊರಟದ್ದೇ ಆಯಿತು, ಅವಳನ್ನೂ ನೋಡಿಕೊಂಡು ಮಾನ್ವಿಗೆ ಹೋಗುವುದು ಅಂತ. ಅವಳ ಗಂಡ ಸಂತೆಗೆ ಸಿರವಾರಕ್ಕೆ ಬಂಡಿ ಕಟ್ಟುವವನಿದ್ದ, ಅಲ್ಲಿಂದ ಮಾನ್ವಿಗೆ ಮುಟ್ಟಿಸುತ್ತೇನೆ ಅಂದಿದ್ದ. ಸಂತೆಯವರೆಗೆ ಅಲ್ಲಿ ಇರಬೇಕಿತ್ತು. ಇದ್ದೆವು. ಅವ್ವನ ಮೈ ಮಾತ್ರ ಅಲ್ಲಿತ್ತು. ತಂಗಿ ರೊಟ್ಟಿಗೆ ಬೆಣ್ಣೆ ಹಾಕಿದರೆ ಅವ್ವ, "ಅದಕ್ಕ ಹಾಲು ಹಾಕ್ಯಾಳೋ ಇಲ್ಲೋ" ಅನ್ನುವಳು. ಹೊರಗೆ ಗಾಳಿಗೆ ಬಾಗಿಲು ಬಡಿದರೆ, "ಬೆಳಕಿಂಡಿ ತೆರದ ಅದ, ಯಾರರ ಇಳಿದ್ರ?" ಅನ್ನುವಳು.

ಕಡೆಗೆ ತಂಗಿಯೇ ಅಂದಳು: "ನಾ ಹಡದಾಗ ನೀ ಇಷ್ಟು ಕಾಳಜಿ ಮಾಡಿದ್ದಿಲ್ಲಬೇ. ಮುಂದಿನ ಸಲ ನಾನೂ ಗುಮ್ಮಿ ಹಿಂದ ಹಡಿತೀನಿ."

ಸಂತೆಯ ಹಿಂದಿನ ದಿನ ರಾಯಚೂರಿನಿಂದ ಬಂದ ಬಸ್ಸಿನ ಕಂಡಕ್ಟರ್ ತಂಗಿಯ ಗಂಡನನ್ನು ಕರೆದು ಒಂದು ಸುದ್ದಿ ಮುಟ್ಟಿಸಿದ. ಕಾಕಿ ಹೇಳಿ ಕಳಿಸಿದ್ದಳು: ನಿಮ್ಮ ಬೆಕ್ಕು ಮರಿ ಸಮೇತ ನನ್ನ ಕೋಳಿ ಗೂಡಿಗೆ ಬಂದು ಕೂತಿದೆ, ಬಂದು ಒಯ್ಯಿರಿ.

ಅವ್ವ ಗಂಟು ಕಟ್ಟಲು ಶುರು ಮಾಡಿದಳು.

"ಎಲ್ಲಿಗಿ?" ಅಂದೆ.

"ರಾಯಚೂರಿಗೆ. ಒಂದು ಮನಿ ಆತು. ಇನ್ನ ಆರು ಮನಿ ತಿರಗೋದ್ರಾಗ ಹಿಡೀಬೇಕು."

"ದೊಡ್ಡವ್ವ?"

ಅವ್ವ ಗಂಟಿನ ಮೇಲೆ ಕೈ ಇಟ್ಟಳು, ಮತ್ತೆ ಬಿಗಿಯತೊಡಗಿದಳು. ಮುಖ ನೋಡಿದೆ. ಅಕ್ಕನನ್ನು ನೋಡುವ ಆಸೆ ಇಲ್ಲ ಅಂತಲ್ಲ. ಈಗ ರಾಯಚೂರಿಗೆ ತಿರುಗಿದರೆ ಮತ್ತೆ ಹೊರಡುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಗಂಟು ಕಟ್ಟುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು.

"ನೀ ನಾಳೆ ಬಂಡಿ ಹತ್ತಿ ಮಾನ್ವಿಗೆ ಹೋಗು" ಅಂದೆ. "ನಾ ರಾಯಚೂರಿಗೆ ಹೋಗಿ ಆ ಹಾಳ ಬೆಕ್ಕಿನ್ನ, ಅದರ ಮರಿನ್ನ, ಬುಟ್ಟ್ಯಾಗ ಹಾಕ್ಕೊಂಡು ಮಾನ್ವಿಗೇ ತರ್ತೀನಿ. ಅಕ್ಕನ್ನೂ ನೋಡು, ಬೆಕ್ಕಿನ್ನೂ ನೋಡು. ಆತಿಲ್ಲೋ?"

ಸಿಟ್ಟಿನಲ್ಲಿ ಅಂದದ್ದು. ಅವ್ವ ಅದನ್ನೇ ಗಟ್ಟಿ ಹಿಡಿದಳು.

"ಬುಟ್ಟ್ಯಾಗ ಮೆತ್ತನ್ನ ಅರಿವಿ ಹಾಕು" ಅಂದಳು.

ರಾಯಚೂರಿಗೆ ಹೋಗಿ ನೋಡಿದರೆ ಚಾಚಾ ನಮ್ಮ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ, ಕಚೇರಿಯ ಹಳೆಯ ಪಟ್ಟಿ ಎದೆಗೆ ಕಟ್ಟಿಕೊಂಡು ಕೂತಿದ್ದರು. ಕಾಕಿ ಓಣಿಯ ಆಚೆ ನಿಂತು ಬೈಯುತ್ತಿದ್ದಳು. ನನ್ನನ್ನು ನೋಡಿದ್ದೇ ತಡ, ಇಬ್ಬರೂ ನನ್ನ ಮೇಲೆ ಬಂದರು.

"ಕೇಳು ಇವರನ್ನ" ಅಂದಳು ಕಾಕಿ. "ಮೊದಲ್ನೇ ದಿನಾನೇ ಹಾಲು ತಗೊಂಡು ಬಂದೆ. ಒಳಗ ಬಿಡಂಗಿಲ್ಲ ಅಂದ್ರು. ಚಾವಿ ನನ್ನ ಕೈಯಾಗ ಅದ ನೋಡ್ರಿ ಅಂದೆ. ಚೀಟಿ ಎಲ್ಲಿ ಅಂದ್ರು. ನನಗೇನು ಬರಿಯಾಕ ಬರ್ತದೇನು, ಅವರಿಗೇನು ಓದಾಕ ಬರ್ತದೇನು?"

"ಚಾವಿ ಕಳ್ಳನ ಕೈಯಾಗೂ ಇರ್ತದ" ಅಂದರು ಚಾಚಾ. "ಹುಕುಂ ಇತ್ತು, ಯಾರನ್ನೂ ಬಿಡಬ್ಯಾಡ ಅಂತ. ಎರಡು ಸಲ ಕೇಳೀನಿ. ಹೌದಿಲ್ಲ ಬೇಟಾ?"

"ಕಳ್ಳರು ಹಾಲು ತಗೊಂಡು ಬರ್ತಾರೇನ್ರಿ?" ಅಂದಳು ಕಾಕಿ.

"ಅದನ್ನ ನೋಡೋದು ಸಾಹೇಬರ ಕೆಲಸ. ನಂದು ಬಾಗಲ ಕಾಯೋದು."

ನಾನು ಹೇಳಿದ್ದು ಕಳ್ಳರ ವಿಷಯ. ಆದರೆ ಚಾಚಾರಿಗೆ ಕಚೇರಿ ಬಾಗಿಲಲ್ಲಿ ಕಳ್ಳ, ವಕೀಲ, ಕಕ್ಷಿದಾರ ಎಲ್ಲರೂ ಒಂದೇ. ಚೀಟಿ ಇದ್ದವ ಒಳಗೆ, ಇಲ್ಲದವ ಹೊರಗೆ. ಇಷ್ಟೇ ಆಗಿದ್ದರೆ ನಡೆಯುತ್ತಿತ್ತು. ಕಳ್ಳರು ಮಾಳಿಗೆಯಿಂದ ಇಳಿಯುತ್ತಾರೆ ಅಂತ ಅವರು ಮೇಲೆ ಹತ್ತಿ ಬೆಳಕಿಂಡಿಗೂ ಒಂದು ಹಾಸುಗಲ್ಲು ಮುಚ್ಚಿಸಿದ್ದರು. ಬೆಕ್ಕು ಓಡಾಡುತ್ತಿದ್ದ ದಾರಿ ಅದೇ. ಅದು ಒಳಗೆ ಕತ್ತಲಲ್ಲಿ ಕೂತು ಕೂಗಿತು. ಕಾಕಿಗೆ ಗೋಡೆಯಾಚೆ ಕೇಳಿಸಿತು. ನಮ್ಮ ಬಚ್ಚಲ ನೀರು ಹೊರಗೆ ಹೋಗುವ ತೂತು ಅವಳ ಹಿತ್ತಲ ಕಡೆಗಿತ್ತು. ಅವಳು ಆ ತೂತಿನ ಮುಂದೆ ಹಾಲಿನ ಬಟ್ಟಲು ಇಟ್ಟಳು. ಬೆಕ್ಕು ಮೈ ಕುಗ್ಗಿಸಿ ಹೊರಗೆ ಬಂತು, ಹಾಲು ಕುಡಿಯಿತು, ಸುತ್ತ ನೋಡಿತು. ಆಮೇಲೆ ಒಂದೊಂದೇ ಮರಿ ಕಚ್ಚಿ ತಂದು ಅವಳ ಕೋಳಿ ಗೂಡಿನಲ್ಲಿ ಇಟ್ಟಿತು.

ಕೋಳಿಗಳು ಗೂಡಿಗೆ ಹೋಗಲು ಹೆದರಿ, ಹಾರಿ ಹೋಗಿ ಚಾಚಾರ ಮಾಳಿಗೆಯ ಮೇಲೆ ಕೂತವು. ಅಲ್ಲಿ ಏನು ಒಣ ಹಾಕಿದ್ದರು ಅಂತ ಹೇಳುವುದೇ ಬೇಡ.

"ಈಕಿ ಬೇಕಂತ ಕಳಿಸ್ಯಾಳ" ಅಂದರು ಚಾಚಾ.

"ಹೌದ್ರಿ, ಕೋಳಿಗೆ ಚೀಟಿ ಬರದು ಕೊಟ್ಟೀನಿ" ಅಂದಳು ಕಾಕಿ.

ಹಿತ್ತಲಲ್ಲಿ ಬೆಕ್ಕು ಸಂಸಾರ ಸಮೇತ ಮನೆ ಬಿಟ್ಟರೂ ಚಾಚಾ ಮುಂಬಾಗಿಲು ಕಾಯುತ್ತಲೇ ಇದ್ದರು. ಮನೆಯೊಳಗಿನ ಒಂದು ಕಾಳು ಜೋಳವೂ ಹೋಗಿರಲಿಲ್ಲ, ಅದನ್ನು ಒಪ್ಪಬೇಕು. ಇಬ್ಬರನ್ನೂ ಒಂದೇ ಕಟ್ಟೆಯ ಹತ್ತಿರ ನಿಲ್ಲಿಸಿ ಹೇಳಿದೆ:

"ಚಾಚಾ, ಚಾವಿ ಕಾಕಿ ಕೈಯಾಗ ಇರ್ತದ. ಬಾಗಲ ನಿಮ್ಮ ಕೈಯಾಗ ಇರ್ತದ. ದಿನಾ ಒಮ್ಮಿ ಕಾಕಿ ಕೀಲಿ ತಗದು ಇಲಿ ನೋಡ್ತಾಳ. ನೀವು ಜೋಡಿ ನಿಂತು ನೋಡ್ರಿ. ಇದು ಹುಕುಂ."

"ಆಕಿ ಏನರ ಒಯ್ದ್ರ?" ಅಂದರು ಚಾಚಾ.

"ಇವರು ಏನರ ಒಯ್ದ್ರ?" ಅಂದಳು ಕಾಕಿ.

ಅಲ್ಲಿಗೆ ನನ್ನ ಮನೆಯ ಚಿಂತೆ ಮುಗಿಯಿತು. ಒಬ್ಬರ ಮೇಲೆ ಒಬ್ಬರಿಗೆ ಅಷ್ಟು ಸಂಶಯ ಇದ್ದರೆ ಹೊರಗಿನ ಕಳ್ಳನಿಗೆ ಜಾಗ ಎಲ್ಲಿದೆ?

ಬೆಕ್ಕನ್ನು ಹಿಡಿದದ್ದು ಹೇಗೆ ಅಂತ ನನ್ನ ಮುಂಗೈ ನೋಡಿದರೆ ತಿಳಿಯುತ್ತದೆ. ಮುಚ್ಚಳದ ಬುಟ್ಟಿಗೆ ಅವ್ವನ ಹಳೆಯ ಸೀರೆ ಹಾಸಿ, ಮೊದಲು ಮರಿ, ಆಮೇಲೆ ತಾಯಿ, ಮೇಲೆ ಹಗ್ಗ ಬಿಗಿದೆ. ಮಾನ್ವಿ ಬಸ್ಸು ಹತ್ತಿದೆ. ಬಿಸಿಲು ಕಾದ ಹಂಚಿನ ಹಾಗಿತ್ತು. ಬುಟ್ಟಿ ಕೂಗಿತು.

"ಏನೋ ಅದು?" ಅಂದ ಕಂಡಕ್ಟರ್.

"ಬೆಕ್ಕು."

ಮುಂದಿನ ಸೀಟಿನ ಸಾವಕಾರ ಎದ್ದು ನಿಂತ. "ಬೆಕ್ಕು ಅಡ್ಡ ಬಂದ್ರ ನಾವು ಮನಿಗೆ ತಿರಗಿ ಹೋಗ್ತೀವಿ. ಇವ ಬಸ್ಸಿನ್ಯಾಗ ಕುಂದ್ರಿಸ್ಕೊಂಡು ಹೊಂಟಾನ. ನಾ ವ್ಯಾಪಾರಕ್ಕ ಹೊಂಟೀನಿ, ಇಳಸ್ರಿ ಅವನ್ನ."

"ಅಡ್ಡ ಎಲ್ಲಿ ಬಂದದ್ರಿ?" ಅಂದೆ. "ನಿಮ್ಮ ಜೋಡಿನೇ ಬರಾಕತ್ತದ."

ಕಂಡಕ್ಟರ್ ಸ್ವಲ್ಪ ಯೋಚನೆ ಮಾಡಿದ. "ಅದೂ ಖರೇನ" ಅಂದ. "ಜೋಡಿ ಬಂದ್ರ ಏನಾಗ್ತದ ಅಂತ ಯಾರೂ ಹೇಳಿಲ್ಲ. ಆದ್ರ ನೀ ಹಿಂದ ಕುಂದ್ರು. ಬೆಕ್ಕು ನಮ್ಮ ಹಿಂದ ಬಂದಂಗ ಆಗ್ತದ." ಸಾವಕಾರ ಬೈಯುತ್ತ ಕೂತ. ಮಾನ್ವಿಯವರೆಗೆ ಬುಟ್ಟಿ ನನ್ನ ತೊಡೆಯ ಮೇಲೆ ಕೂಗಿತು, ಜನ ನನ್ನನ್ನು ನೋಡಿ ನಕ್ಕರು. ನಾನು ಯಾರ ಮುಖವನ್ನೂ ನೋಡಲಿಲ್ಲ.

ದೊಡ್ಡವ್ವನ ಮನೆ ಮುಟ್ಟಿದಾಗ ಅಕ್ಕ ತಂಗಿ ಇಬ್ಬರೂ ತಲಬಾಗಿಲಲ್ಲಿ ಬೆಳಕು ಬೀಳುವ ಕಡೆ ಕೂತಿದ್ದರು. ದೊಡ್ಡವ್ವ ಅವ್ವನ ಗದ್ದ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ, ಮೂಗಿಗೆ ಮೂಗು ತಾಗುವ ಹಾಗೆ ನೋಡುತ್ತಿದ್ದಳು.

"ಕರ್ರಗಾಗಿಯಲ್ಲಬೇ" ಅಂದಳು.

"ನಿನಗ ಕಾಣಸವಲ್ದು, ಅದಕ್ಕ" ಅಂದಳು ಅವ್ವ.

"ಕಾಣಸ್ತದ. ಹಣಿ ಮ್ಯಾಲಿನ ಗಾಯದ ಕಲಿ ಕಾಣಸ್ತದ. ನಾನ ದೂಡಿ ಬೀಳಿಸಿದ್ದೆ ನಿನ್ನ, ಬಾವಿ ಕಟ್ಟಿ ಮ್ಯಾಲ."

ಅವ್ವ ಮುಖ ಹಿಂದಕ್ಕೆ ತೆಗೆಯಲಿಲ್ಲ. ನಾನು ಬುಟ್ಟಿ ಹಿಡಿದು ಅಲ್ಲೇ ನಿಂತೆ. ಬುಟ್ಟಿ ಕೂಗಿದ ಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. ಹಗ್ಗ ಬಿಚ್ಚಿದೆ. ಅವ್ವ ಮರಿಗಳನ್ನು ಒಂದೊಂದೇ ತೆಗೆದು ಅಕ್ಕನ ಉಡಿಯಲ್ಲಿ ಹಾಕಿದಳು. ದೊಡ್ಡವ್ವ ಅವುಗಳ ಬೆನ್ನು, ಬಾಲ, ಕಿವಿ ಮುಟ್ಟಿ ನೋಡಿದಳು. ತಾಯಿ ಬೆಕ್ಕು ಮನೆಯನ್ನೊಮ್ಮೆ ಸುತ್ತಿ ಬಂದು ಅವಳ ಪಕ್ಕ ಮೈ ಚೆಲ್ಲಿತು. ಸ್ವಂತ ಮನೆಯ ಹಾಗೆ.

ನಾನು ಅಲ್ಲಿ ಉಂಡೆ, ಮಲಗಿದೆ, ಬೇಸರ ಬರುವವರೆಗೆ ಇದ್ದೆ. ಗಿರಣಿಯಲ್ಲಿ ಮಿಷನ್ನಿಗೆ ಎಣ್ಣೆ ಹಾಕುವ ಕೆಲಸ ಶುರುವಾಗುವ ಹೊತ್ತು ಬಂತು. ಬುಟ್ಟಿ ಜಾಡಿಸಿ ತಂದು ಅವ್ವನ ಮುಂದೆ ಇಟ್ಟೆ.

"ನಡಿ ಯವ್ವಾ, ಹೋಗೋಣ. ಹಾಕು ಬೆಕ್ಕಿನ್ನ."

ಅವ್ವ ಏಳಲಿಲ್ಲ. ಅಕ್ಕನ ತಲೆ ಬಾಚುತ್ತ ಕೂತಿದ್ದಳು.

"ನೀ ಹೋಗು ತಮ್ಮಾ" ಅಂದಳು. "ಮರಿ ಇನ್ನ ಸಣ್ಣವು. ಮತ್ತ ಜಾಗ ಬದ್ಲಿ ಮಾಡಿದ್ರ ಬೆಕ್ಕು ಹೆದರ್ತದ. ಇಲ್ಲಿ ಹೊಂದಿಕೊಂಡದ."

ನಾನು ಅವಳನ್ನೇ ನೋಡಿದೆ. ಇದೇ ಬೆಕ್ಕಿನ ಹೆಸರು ಹೇಳಿ ರಾಯಚೂರಿನಿಂದ ಕಾಲು ತೆಗೆಯದವಳು, ಈಗ ಇದೇ ಬೆಕ್ಕಿನ ಹೆಸರು ಹೇಳಿ ಮಾನ್ವಿಯಿಂದ ಏಳುತ್ತಿಲ್ಲ. ದೊಡ್ಡವ್ವ ತಲೆ ಬಗ್ಗಿಸಿ ನಗುತ್ತಿದ್ದಳು. ಬಾಚಣಿಗೆ ಹಿಡಿದ ಅವ್ವನ ಕೈ ನಿಧಾನವಾಗಿ ಆಡುತ್ತಿತ್ತು, ಯಾವ ಅವಸರವೂ ಇರಲಿಲ್ಲ.

"ಹಂಗಾದ್ರ ಮನಿಗೆ ಕಾವಲು ಯಾರು?" ಅಂದೆ.

"ನೀ ಹೋಗಾಕತ್ತೀಯಲ್ಲ."

"ಇಲಿಗೆ?"

"ಇಲಿಗೂ ನೀನ" ಅಂದಳು.

ಖಾಲಿ ಬುಟ್ಟಿ ಎತ್ತಿಕೊಂಡು ಬಸ್ಸಿಗೆ ನಡೆದೆ.